ಕೆಳಗಿನ ಡಿವಿಷನ್ನಿನವರಿಗೂ ಅದೇ ನ್ಯಾಯ

ಹಲಸೂರಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇವರ ಪ್ರತಿಮೆಗಳ ಜೊತೆಯಲ್ಲಿ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯೂ ನಿಂತಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರಬಹುದು. ಪರದೇಶದ ಆಟಗಾರನೊಬ್ಬನಿಗೆ ದುಡಿಯುವ ಜನರ ಕೇರಿಯೊಂದು ಇಂತಹ ಮರ್ಯಾದೆಯನ್ನು ಸಲ್ಲಿಸಿದುದು ವಿನೋದಕ್ಕಾಗಿ ಅಲ್ಲ. ದಂಡು ಪ್ರದೇಶದ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್ ಮೊದಲಾದ ಭಾಗಗಳಲ್ಲಿ ಫುಟ್‌ಬಾಲ್ ಆಟವು ತಂದೆಯಿಂದ ಮಗನಿಗೆ ಬರುವ ಸೊತ್ತು. ಈ ಸೊತ್ತನ್ನು ಕಾಪಾಡಿಕೊಂಡು ಬಂದವರು ದೊಡ್ಡ ದೊಡ್ಡ ಕ್ಲಬ್ಬುಗಳವರು ಮಾತ್ರವೇ ಅಲ್ಲವೆಂಬುದನ್ನೂ, ಬೆಂಗಳೂರು ಜಿಲ್ಲಾ ಲೀಗಿನ ಎ, ಬಿ, ಸಿ ಡಿವಿಷನ್ನುಗಳಲ್ಲಿ ಕೈಯಿಂದ ಹಣ ಹಾಕಿ ಆಡುವ ಚಿಕ್ಕ ತಂಡಗಳವರಿಗೆ ಸಲ್ಲಬೇಕಾದ ನ್ಯಾಯವು ಯಾವುದೆಂಬುದನ್ನೂ ಈ ದಿನ ನಾವು ವಿಚಾರಿಸಬೇಕೆಂದಿದ್ದೇವೆ.

ಹಿಂದಿನ ಕೀರ್ತಿಯನ್ನು ಒಮ್ಮೆ ಸ್ಮರಿಸುವುದು ಅಪ್ರಸ್ತುತವಾಗಲಾರದು. ಬ್ರಿಟಿಷ್ ಸೈನಿಕರು ತಮ್ಮ ವಿನೋದಕ್ಕಾಗಿ 1891ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ರೋವರ್ಸ್ ಕಪ್ಪನ್ನು 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಗೆದ್ದಿತು. ಮರುವರ್ಷ ಪುನಃ ಗೆದ್ದಿತು. ಸ್ವತಂತ್ರ ಭಾರತವು ಮೊದಲ ಬಾರಿಗೆ ಒಲಿಂಪಿಕ್ ಪಂದ್ಯವನ್ನಾಡಿದ 1948ರಲ್ಲಿ, ಫ್ರಾನ್ಸಿನ ಎದುರು ನಮ್ಮ ದೇಶಕ್ಕೆ ದೊರೆತ ಏಕೈಕ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಹೆಚ್ಚಿನವರು ಅಂದು ಬರಿಗಾಲಿನಲ್ಲಿ ಆಡಿದರೆಂಬುದು ಸರ್ವವಿದಿತ. ಅದೇ ತಂಡದಲ್ಲಿದ್ದ ಅಹಮದ್ ಖಾನರೂ ಧನರಾಜರೂ ಕಲ್ಕತ್ತೆಗೆ ಹೋಗಿ ಈಸ್ಟ್ ಬೆಂಗಾಲ್ ತಂಡದ ಪಂಚಪಾಂಡವರಲ್ಲಿ ಇಬ್ಬರೆನಿಸಿದರು. ಮೈಸೂರು ತಂಡವು ಸಂತೋಷ್ ಟ್ರೋಫಿಯನ್ನು 1968-69ರಲ್ಲಿ ಗೆದ್ದ ತರುವಾಯ ಕರ್ನಾಟಕವು ಅದನ್ನು ಪುನಃ ಕೈಗೆ ತೆಗೆದುಕೊಳ್ಳಲು 2023ರ ಮಾರ್ಚಿಯವರೆಗೆ, ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸುವವರೆಗೆ, ಕಾಯಬೇಕಾಯಿತು. ಐವತ್ತನಾಲ್ಕು ವರ್ಷಗಳ ಈ ಬರಗಾಲಕ್ಕೆ ಕಾರಣಗಳು ಹಲವು ಇರಬಹುದು. ಬುಡಕ್ಕೆ ನೀರು ಹಾಕದೆ ತುದಿಯಲ್ಲಿ ಹಣ್ಣನ್ನು ಹುಡುಕುವ ನಮ್ಮ ಅಭ್ಯಾಸವು ಅವುಗಳಲ್ಲಿ ಒಂದೆಂದು ನಾವು ಭಾವಿಸುತ್ತೇವೆ.

ಸಿ ಡಿವಿಷನ್ನಿನಲ್ಲಿ ಆಡುವವರು ಯಾರು? ಹಗಲು ಗ್ಯಾರೇಜಿನಲ್ಲಿಯೋ ಅಂಗಡಿಯಲ್ಲಿಯೋ ದುಡಿಯುವವರು, ಕೆ.ಆರ್. ಪುರದ ಕಡೆಯ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ಹೋಗುವವರು, ಕಾಲೇಜಿನ ಹುಡುಗರು, ಮನೆಮನೆಗೆ ಊಟ ತಲಪಿಸುವ ಕೆಲಸದವರು. ಇವರಿಗೆ ಸಂಬಳವಿಲ್ಲ, ಪ್ರವೇಶದ ಶುಲ್ಕ, ಅಂಗಿ, ಬೂಟು, ಪ್ರಯಾಣ ಎಲ್ಲವೂ ಸ್ವಂತದ್ದು. ಪಂದ್ಯದ ದಿನ ರಜೆ ತೆಗೆದುಕೊಂಡರೆ ಆ ದಿನದ ಕೂಲಿಯೂ ಹೋಯಿತು. ಇಂತಹವನಿಗೆ ಎಲ್ಲಕ್ಕಿಂತ ಮಿಗಿಲಾಗಿ ಬೇಕಾದುದು ಮುಂಚಿತವಾಗಿ ತಿಳಿದ ಒಂದು ತಾರೀಖು. ನಗರದಲ್ಲಿ ಮೈದಾನಗಳು ವಿರಳ. ಮಳೆ ಬಂದೀತು, ದೊಡ್ಡ ಪಂದ್ಯವೊಂದು ಅಡ್ಡ ಬಂದೀತು, ಮೈದಾನವನ್ನು ಇತರ ಸಮಾರಂಭಕ್ಕೆ ಬಿಟ್ಟುಕೊಡಬೇಕಾದೀತು. ಆಗ ಯಾವ ಪಂದ್ಯವನ್ನು ಮುಂದೂಡಬೇಕೆಂಬ ಪ್ರಶ್ನೆಯು ಹುಟ್ಟುತ್ತಲೇ ಕೈಯು ಕೆಳಗಿನ ಡಿವಿಷನ್ನಿನ ಪಟ್ಟಿಯ ಮೇಲೆ ತಾನಾಗಿಯೇ ಹೋಗುವುದು, ಎಲ್ಲಿಯ ಯಾವ ಸಂಸ್ಥೆಯೇ ಆಗಲಿ, ಮನುಷ್ಯಸ್ವಭಾವ. ಸಂಬಳದ ಆಟಗಾರನಿಗೆ ತಾರೀಖು ಬದಲಾದರೆ ಒಂದು ದಿನದ ಅಭ್ಯಾಸ ಹೆಚ್ಚಾದೀತು. ಕೂಲಿಯವನಿಗೆ ಬದಲಾದರೆ ಅವನು ಬರಲಾರನು. ಏಳು ಮಂದಿಗಿಂತ ಕಡಿಮೆಯಾದ ತಂಡವು ಆಟವನ್ನು ಆರಂಭಿಸಕೂಡದೆಂದು ಫುಟ್‌ಬಾಲಿನ ನಿಯಮವಿರುವುದರಿಂದ, ಹಿಂದಿನ ರಾತ್ರಿ ಬಂದ ಫೋನಿನ ಸಂದೇಶದಿಂದ ಆರು ಮಂದಿ ಮಾತ್ರ ಕೂಡಿದ ತಂಡವು ಚೆಂಡನ್ನು ಮುಟ್ಟದೆಯೇ ಸೋತಂತೆ. ಆ ಸೋಲು ಪಟ್ಟಿಯಲ್ಲಿ ಉಳಿಯುವುದು. ಅದರ ಕಾರಣವು ಪಟ್ಟಿಯಲ್ಲಿ ಕಾಣಿಸುವುದಿಲ್ಲ.

ಕ್ರೀಡಾಸಂಸ್ಥೆಗಳ ಚಾಲಕರ ಕಷ್ಟವನ್ನು ನಾವು ಅರಿಯದವರಲ್ಲ. ಅಶೋಕನಗರದ ಕ್ರೀಡಾಂಗಣವು ಒಂದೇ. ಅದರ ಮೇಲೆ ಹಕ್ಕು ಕೇಳುವ ತಂಡಗಳು ಹಲವು. ಚಿಕ್ಕ ಪಂದ್ಯಕ್ಕೆ ಪ್ರೇಕ್ಷಕರಿಲ್ಲ, ಜಾಹಿರಾತಿಲ್ಲ, ಹುಟ್ಟುವಳಿಯಿಲ್ಲ. ಮೇಲಿನ ಡಿವಿಷನ್ನಿಗೆ ಸಂಜೆಯ ಒಳ್ಳೆಯ ಹೊತ್ತನ್ನೂ ದೀಪಗಳನ್ನೂ ಕೊಟ್ಟರೆ ನಾವು ಆಕ್ಷೇಪಿಸುವುದಿಲ್ಲ. ಅದು ಗೆದ್ದವರಿಗೆ ಸಲ್ಲುವ ಮರ್ಯಾದೆ. ಆದರೆ ಗೊತ್ತಾದ ತಾರೀಖು, ತರಬೇತಾದ ರೆಫರಿ, ಗಾಯಗೊಂಡವನಿಗೆ ತತ್‌ಕ್ಷಣದ ಚಿಕಿತ್ಸೆ, ದೂರು ಕೊಟ್ಟರೆ ಬರವಣಿಗೆಯಲ್ಲಿ ಉತ್ತರ, ಇವು ಮರ್ಯಾದೆಗಳಲ್ಲ. ಸಿ ಡಿವಿಷನ್ನಿನ ಹುಡುಗನ ಮೂಳೆಯು ಸೂಪರ್ ಡಿವಿಷನ್ನಿನವನ ಮೂಳೆಗಿಂತ ಗಟ್ಟಿಯಾಗಿರುವುದೆಂದು ಯಾವ ವೈದ್ಯನೂ ಹೇಳಿಲ್ಲ.

ತಾರೀಖಿನ ಮಾತು ಇಷ್ಟಾಯಿತು. ಇದಕ್ಕಿಂತ ಗಹನವಾದುದು ಏಣಿಯ ಮಾತು. ಕೆಳಗಿನ ಡಿವಿಷನ್ ಎಂಬುದಕ್ಕೆ ಅರ್ಥ ಬರುವುದು ಅಲ್ಲಿಂದ ಮೇಲೇರುವ ದಾರಿ ತೆರೆದಿದ್ದರೆ ಮಾತ್ರ. ದಾರಿ ಮುಚ್ಚಿದರೆ ಅದು ಡಿವಿಷನ್ನಲ್ಲ, ಜಾತಿ. ಪರಾಧೀನತೆಯ ಕಾಲದಲ್ಲಿ ಕಲ್ಕತ್ತಾ ಲೀಗಿನ ಮೊದಲ ಡಿವಿಷನ್ನಿನಲ್ಲಿ ಇಬ್ಬರಿಗಿಂತ ಹೆಚ್ಚು ಭಾರತೀಯ ತಂಡಗಳಿರಕೂಡದೆಂಬ ಕಟ್ಟಳೆಯಿದ್ದಿತು. ಎರಡನೆಯ ಡಿವಿಷನ್ನಿನಲ್ಲಿ ಯೋಗ್ಯತೆಯನ್ನು ತೋರಿಸಿದ್ದ ಈಸ್ಟ್ ಬೆಂಗಾಲ್ ತಂಡವು ಆ ಕಟ್ಟಳೆಯ ವಿರುದ್ಧ ಹೋರಾಡಿ 1925ರಲ್ಲಿ ಮೇಲಿನ ಡಿವಿಷನ್ನಿಗೆ ಬಂದಿತು. ಈ ಕಥೆಯಲ್ಲಿ ನಮ್ಮನ್ನು ನಾಚಿಸುವ ಅಂಶವೊಂದುಂಟು. ಆಗಲೇ ಮೇಲೇರಿ ಕುಳಿತಿದ್ದ ಎರಡು ಭಾರತೀಯ ತಂಡಗಳೇ ಮೂರನೆಯದರ ಪ್ರವೇಶವನ್ನು ವಿರೋಧಿಸಿದುವೆಂದು ಚರಿತ್ರೆಕಾರರು ಬರೆದಿದ್ದಾರೆ. ಆದುದರಿಂದ ಪರಕೀಯರು ಹೋದ ಮಾತ್ರಕ್ಕೆ ಏಣಿಯು ತಾನಾಗಿ ನಿಲ್ಲುವುದಿಲ್ಲ.

ಇಂಗ್ಲೆಂಡಿನವರೂ ಈ ಪಾಠವನ್ನು ಸುಲಭವಾಗಿ ಕಲಿಯಲಿಲ್ಲ. ಅಲ್ಲಿ ಎರಡನೆಯ ಡಿವಿಷನ್ನನ್ನು 1892ರಲ್ಲಿ ಸ್ಥಾಪಿಸಿದಾಗ, ಅದರಲ್ಲಿ ಗೆದ್ದವರಿಗೂ ಮೇಲೇರುವ ಹಕ್ಕಿರಲಿಲ್ಲ. ಮೇಲಿನ ಡಿವಿಷನ್ನಿನ ಕೊನೆಯ ತಂಡದೊಡನೆ ಪರೀಕ್ಷೆಯ ಪಂದ್ಯವನ್ನಾಡಬೇಕಾಗಿದ್ದಿತು. ಇಡೀ ಋತುವಿನಲ್ಲಿ ಮೊದಲಿಗರಾಗಿದ್ದ ಸ್ಮಾಲ್ ಹೀತ್ ತಂಡದವರು 1893ರಲ್ಲಿ ಆ ಪರೀಕ್ಷೆಯಲ್ಲಿ ಸೋತು ಕೆಳಗೇ ಉಳಿದರು. 1898ರಲ್ಲಿ ಸ್ಟೋಕ್ ಮತ್ತು ಬರ್ನ್ಲಿ ತಂಡಗಳು, ಸಮಬಲವಾದರೆ ಇಬ್ಬರಿಗೂ ಲಾಭವೆಂದು ತಿಳಿದು, ಗೋಲಿಲ್ಲದ ನಾಟಕವನ್ನಾಡಿದ ಮೇಲೆಯೇ ಪರೀಕ್ಷೆಯ ಪದ್ಧತಿಯನ್ನು ಕೈಬಿಟ್ಟು, ಅಂಕಗಳ ಮೇಲೆ ಏರುವ ಇಳಿಯುವ ನಿಯಮವನ್ನು ತಂದರು. ಅಂತಹುದೇ ನಾಟಕವು 1982ರ ವಿಶ್ವಕಪ್ಪಿನಲ್ಲಿ ಜರ್ಮನಿ ಆಸ್ಟ್ರಿಯಗಳ ನಡುವೆ ನಡೆದು ಅಲ್ಜೀರಿಯವು ಹೊರಬಿದ್ದಿತು. ಮುಂದಿನ ವಿಶ್ವಕಪ್ಪಿನಿಂದ ಗುಂಪಿನ ಕೊನೆಯ ಪಂದ್ಯಗಳನ್ನು ಏಕಕಾಲದಲ್ಲಿ ಆಡಿಸತೊಡಗಿದರು. ಬಿ, ಸಿ ಡಿವಿಷನ್ನುಗಳಲ್ಲಿ ಬಡ್ತಿಯನ್ನು ನಿರ್ಣಯಿಸುವ ಕೊನೆಯ ಪಂದ್ಯಗಳನ್ನೂ ಎರಡು ಮೈದಾನಗಳಲ್ಲಿ ಒಂದೇ ಹೊತ್ತಿಗೆ ಆಡಿಸುವುದಕ್ಕೆ ಎಷ್ಟು ಹಣ ಬೇಕು?

ನಮ್ಮ ನಗರದಲ್ಲಿ ನಡೆದುದನ್ನೂ ನೋಡಬೇಕು. ಎಚ್.ಎ.ಎಲ್. ಕಾರ್ಖಾನೆಯ ತಂಡವು 2012ರಲ್ಲಿ ಅಂಕಗಳು ಸಾಲದೆ ಐ-ಲೀಗಿನಿಂದ ಕೆಳಗಿಳಿಯಿತು. ಮರುವರ್ಷವೇ ಅಖಿಲ ಭಾರತ ಫುಟ್‌ಬಾಲ್ ಸಂಸ್ಥೆಯವರು ಬಿಡ್ಡುಗಳನ್ನು ಕರೆದು ಬೆಂಗಳೂರು ಎಫ್.ಸಿ.ಗೆ ಅದೇ ಲೀಗಿನಲ್ಲಿ ನೇರವಾದ ಪ್ರವೇಶವನ್ನಿತ್ತರು. ಹೊಸ ತಂಡವು ಮೊದಲ ಋತುವಿನಲ್ಲಿಯೇ ಪ್ರಶಸ್ತಿಯನ್ನು ಗೆದ್ದು ಅಶೋಕನಗರದ ಮೆಟ್ಟಿಲುಗಳನ್ನು ಜನರಿಂದ ತುಂಬಿಸಿತೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆ ಆಟಗಾರರ ಮೇಲೆ ನಮಗೆ ಅಸೂಯೆಯಿಲ್ಲ. ಆದರೆ ಇಳಿಯುವುದಕ್ಕೆ ಅಂಕಗಳು, ಏರುವುದಕ್ಕೆ ಹಣವೆಂಬ ಎರಡು ಅಳತೆಗಳು ಒಂದೇ ಅಂಗಡಿಯಲ್ಲಿ ಇರಬಾರದು. 2014ರಲ್ಲಿ ಹೊರಟ ಇಂಡಿಯನ್ ಸೂಪರ್ ಲೀಗಿಗೆ ಕೆಳಗಿನಿಂದ ಏರಿ ಬರುವ ದಾರಿಯೇ ಇರಲಿಲ್ಲ. 2023ರಲ್ಲಿ ಪಂಜಾಬ್ ತಂಡವು ಐ-ಲೀಗನ್ನು ಗೆದ್ದು ಮೊದಲ ಬಾರಿಗೆ ಆ ಬಾಗಿಲನ್ನು ದಾಟಿತು. ರಾಷ್ಟ್ರದ ಮಟ್ಟದಲ್ಲಿ ಇಷ್ಟು ತಡವಾಗಿ ತೆರೆದ ಬಾಗಿಲು ಜಿಲ್ಲೆಯ ಮಟ್ಟದಲ್ಲಿ ಎಂದಿಗೂ ಮುಚ್ಚಬಾರದು.

ಈ ನಗರದ ತರುಣ ತರುಣಿಯರು ಕೂಡಿ ಆಡುವ ಅಲ್ಟಿಮೇಟ್ ಫ್ರಿಸ್ಬಿ ಎಂಬ ತಟ್ಟೆಯಾಟವನ್ನು ಕಂಡು ನಗುವ ಹಿರಿಯರುಂಟು. 1968ರಲ್ಲಿ ಅಮೆರಿಕದ ಶಾಲಾಬಾಲಕರು ಹುಟ್ಟಿಸಿದ ಈ ಆಟದಲ್ಲಿ ರೆಫರಿಯೇ ಇಲ್ಲ. ತಪ್ಪನ್ನು ಆಟಗಾರರೇ ಕೂಗಿ ಹೇಳಿ ತಾವೇ ಇತ್ಯರ್ಥ ಮಾಡಿಕೊಳ್ಳುತ್ತಾರೆ. ಪಂದ್ಯ ಮುಗಿದ ಮೇಲೆ ಎರಡು ತಂಡಗಳೂ ಎದುರಾಳಿಯ ನಡತೆಗೆ ಅಂಕಗಳನ್ನು ಕೊಡುತ್ತವೆ. ಎಲ್ಲ ಪಂದ್ಯಗಳನ್ನೂ ಸೋತ ತಂಡವು ನಡತೆಯ ಬಹುಮಾನವನ್ನು ಹೊತ್ತುಕೊಂಡು ಹೋಗಬಹುದು. ಮೊದಲ ದಿನ ಸೋತವರನ್ನು ಸಾಮಾನ್ಯವಾಗಿ ಮನೆಗೆ ಕಳುಹಿಸುವುದಿಲ್ಲ. ಸರಿಸಮಾನರೊಡನೆ ಒಂಬತ್ತನೆಯ, ಹದಿಮೂರನೆಯ ಸ್ಥಾನಕ್ಕಾಗಿ ಆಡಿಸುತ್ತಾರೆ. ಅಲ್ಲಿಯೂ ಕೆಳಗಿನ ಗುಂಪಿಗೆ ಮೂಲೆಯ ಮೈದಾನವೂ ಮುಂಜಾನೆಯ ಹೊತ್ತೂ ಬರಬಹುದು. ಆದರೂ ಕೊನೆಯ ತಂಡದ ಅಭಿಪ್ರಾಯವನ್ನು ಬರೆದುಕೊಳ್ಳುವ ಒಂದು ಕಾಗದವು ಅಲ್ಲಿ ಉಂಟು. ನೂರು ವರ್ಷಗಳ ಹಿರಿತನವುಳ್ಳ ನಮ್ಮ ಫುಟ್‌ಬಾಲಿನವರು ಆ ಕಾಗದವನ್ನು ಎರವಲು ತಂದರೆ ಹಿರಿತನಕ್ಕೆ ಕುಂದಿಲ್ಲ.

ಮುಂದಿನ ಋತುವಿನ ಪಟ್ಟಿಯನ್ನು ಸಿದ್ಧಪಡಿಸುವಾಗ ಸಿ ಡಿವಿಷನ್ನಿನ ತಾರೀಖುಗಳನ್ನು ಮೊದಲು ಬರೆದು, ಸೂಪರ್ ಡಿವಿಷನ್ನಿನವನ್ನು ಆಮೇಲೆ ಬರೆಯಬೇಕೆಂದು ಚಾಲಕರಲ್ಲಿ ನಮ್ಮ ವಿಜ್ಞಾಪನೆ. ಬದಲಾವಣೆ ಅನಿವಾರ್ಯವಾದರೆ ಒಂದು ವಾರದ ತಿಳಿವಳಿಕೆ ಕೊಡಲಿ. ಕೊಡಲಾಗದಿದ್ದರೆ ಬರಲಾರದ ತಂಡದ ಮೇಲೆ ಸೋಲನ್ನು ಹೊರಿಸದಿರಲಿ. ಪಟ್ಟಿಯು ಹೊರಬಿದ್ದ ದಿನ ಅದರ ಕೊನೆಯ ಪುಟವನ್ನು ನಾವು ಮೊದಲು ಓದುವೆವು.