ಬಾಡಿಗೆ ಮನೆಯ ತಂಪು: ಹೊಣೆ ಯಾರದು, ಲೆಕ್ಕ ಯಾರದು?

ಮುಂಬಯಿಗೆ ಹೊಟ್ಟೆಪಾಡಿಗಾಗಿ ಬಂದ ಕನ್ನಡಿಗರ ವಸತಿಯು ರೈಲುಹಳಿಯ ಗುಂಟ ಬೆಳೆಯುತ್ತ ಬಂದಿದೆ. ಮಾಟುಂಗಾ ತುಂಬಿದಾಗ ಘಾಟ್ಕೋಪರ, ಅದು ತುಟ್ಟಿಯಾದಾಗ ಡೊಂಬಿವಲಿ, ಅಲ್ಲಿಂದ ಮುಂದೆ ಕಲ್ಯಾಣ. ಈಗ ಕಸಾರಾ ಮಾರ್ಗದ ಟಿಟ್ವಾಳಾದ ಸರದಿ. ಒಂದು ಕಾಲಕ್ಕೆ ಮಹಾಗಣಪತಿಯ ದರ್ಶನಕ್ಕೆಂದು ಮಾತ್ರ ಜನರು ಇಳಿಯುತ್ತಿದ್ದ ಆ ಊರಿನಲ್ಲಿ ಇಂದು ಸಾಲುಸಾಲಾಗಿ ಬಹುಮಹಡಿ ಕಟ್ಟಡಗಳೆದ್ದಿವೆ. ನಿವೃತ್ತಿಯ ಹಣವನ್ನು ಅಲ್ಲೊಂದು ಫ್ಲ್ಯಾಟಿನಲ್ಲಿ ತೊಡಗಿಸಿ, ಬರುವ ಬಾಡಿಗೆಯನ್ನೇ ಮುಪ್ಪಿನ ಆಸರೆಯೆಂದು ನಂಬಿದವರು ಒಂದೆಡೆ. ನಗರದ ಬಾಡಿಗೆ ಭರಿಸಲಾಗದೆ ಅದೇ ಫ್ಲ್ಯಾಟಿಗೆ ಬಾಡಿಗೆದಾರರಾಗಿ ಬರುವ ಯುವ ದಂಪತಿಗಳು ಇನ್ನೊಂದೆಡೆ.

ಈ ಇಬ್ಬರ ನಡುವೆ ಪ್ರತಿ ವರ್ಷ ಏಪ್ರಿಲ್ ತಿಂಗಳಲ್ಲಿ ಒಂದು ತಗಾದೆ ಹುಟ್ಟುತ್ತದೆ. ಮನೆ ಕೊಡುವಾಗ ಮಲಗುವ ಕೋಣೆಯಲ್ಲಿ ಎ.ಸಿ. ಉಂಟೆಂದು ಹೇಳಿ ನೂರಿನ್ನೂರು ರೂಪಾಯಿ ಹೆಚ್ಚಿಗೆ ಬಾಡಿಗೆ ನಿಗದಿ ಮಾಡಿರುತ್ತಾರೆ. ಸೆಕೆ ಏರುವ ಹೊತ್ತಿಗೆ ಸರಿಯಾಗಿ ಆ ಯಂತ್ರ ಕೈಕೊಡುತ್ತದೆ. 'ಮೆಕ್ಯಾನಿಕನನ್ನು ಕರೆಸಿ, ರಿಪೇರಿ ಮಾಡಿಸಿಕೊಳ್ಳಿ' ಎಂದು ಮಾಲೀಕರು. 'ಇದರ ಆಯುಷ್ಯ ಮುಗಿಯಿತು, ಹೊಸದನ್ನು ಹಾಕಿಸಿಕೊಡಿ' ಎಂದು ಬಾಡಿಗೆದಾರರು. ಇದನ್ನು ಔದಾರ್ಯದ ಪ್ರಶ್ನೆಯೆಂದೋ ಶೋಕಿಯ ಪ್ರಶ್ನೆಯೆಂದೋ ತಿಳಿಯುವುದು ತಪ್ಪು. ಇದು ಲೆಕ್ಕದ ಪ್ರಶ್ನೆ. ಅದಕ್ಕಿಂತ ಮೊದಲು ಆರೋಗ್ಯದ ಪ್ರಶ್ನೆ.

ಟಿಟ್ವಾಳಾ ಕಡಲಿನಿಂದ ದೂರದ ಒಳನಾಡು. ಕೊಲಾಬಾದವರಿಗೆ ಸಿಗುವ ಕಡಲಗಾಳಿ ಕಾಳು ನದಿಯ ದಂಡೆಯನ್ನು ತಲುಪುವಷ್ಟರಲ್ಲಿ ಬಿಸಿಲೇರಿರುತ್ತದೆ. ಮೇಲಂತಸ್ತಿನ ಮನೆಯಾದರಂತೂ ಹಗಲೆಲ್ಲ ಕಾದ ಕಾಂಕ್ರೀಟಿನ ಛಾವಣಿ ರಾತ್ರಿಯಿಡೀ ಆ ಶಾಖವನ್ನು ಕೋಣೆಯೊಳಕ್ಕೆ ಬಿಡುತ್ತಿರುತ್ತದೆ. ಮನುಷ್ಯನ ದೇಹ ತಂಪಾಗುವುದು ಬೆವರು ಆರುವುದರಿಂದ. ಗಾಳಿಯಲ್ಲಿ ತೇವಾಂಶ ಹೆಚ್ಚಿದ್ದರೆ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿ ಅರಿವು ತಪ್ಪತೊಡಗಿದರೆ ಅದು ಉಷ್ಣಾಘಾತ. ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕಾದ ಸ್ಥಿತಿ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರದಲ್ಲಿ ಬಯಲಿನಲ್ಲಿ ನಡೆದ ಸಮಾರಂಭವೊಂದರ ಬಿಸಿಲಿಗೆ 14 ಜನರು ಬಲಿಯಾದುದನ್ನು ಠಾಣೆ ಸೀಮೆಯವರು ಮರೆತಿರಲಾರರು. ಅದು ಹೊರಗಿನ ಬಿಸಿಲು, ನಿಜ. ಆದರೆ ಊರಿನಿಂದ ಬಂದಿರುವ ವೃದ್ಧ ತಾಯಿತಂದೆಯರಿಗೆ, ಎಳೆಗೂಸಿಗೆ, ಗರ್ಭಿಣಿಗೆ, ಹೃದಯರೋಗಿಗೆ, ರಕ್ತದೊತ್ತಡಕ್ಕಾಗಿ ಮೂತ್ರವರ್ಧಕ ಮಾತ್ರೆ ನುಂಗುವವರಿಗೆ ಒಳಗಿನ ಸೆಕೆಯೂ ಅಪಾಯಕಾರಿಯೇ. ಅಂಥವರಿರುವ ಮನೆಯಲ್ಲಿ ತಂಪಾದ ಒಂದು ಕೋಣೆ ವಿಲಾಸವೆನಿಸದು.

ಹಾಗೆಂದು ಕೆಟ್ಟ ಯಂತ್ರವನ್ನೆಲ್ಲ ಕಿತ್ತೆಸೆಯಬೇಕೆಂದಲ್ಲ. ಜಾಳಿಗೆಯಲ್ಲಿ ಧೂಳು ತುಂಬಿದ್ದರೆ, ಕೆಪ್ಯಾಸಿಟರ್ ಸುಟ್ಟಿದ್ದರೆ, ನೀರಿನ ಕೊಳವೆ ಕಟ್ಟಿದ್ದರೆ ಅಲ್ಪ ವೆಚ್ಚದಲ್ಲಿ ಕೆಲಸ ಮುಗಿಯುತ್ತದೆ. ಪ್ರತಿ ಬೇಸಿಗೆಯಲ್ಲೂ 'ಗ್ಯಾಸ್ ತುಂಬಿಸಬೇಕು' ಎಂಬ ಮಾತು ಬಂದರೆ ಮಾತ್ರ ಎಚ್ಚರಗೊಳ್ಳಬೇಕು. ಆ ಅನಿಲ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರತಕ್ಕದ್ದು. ಕಡಿಮೆಯಾಗಿದೆಯೆಂದರೆ ಎಲ್ಲಿಯೋ ಸೋರಿದೆ. ಸೋರಿಕೆಯನ್ನು ಮುಚ್ಚದೆ ಅನಿಲ ತುಂಬಿಸುವುದು ತೂತಾದ ಕೊಡಕ್ಕೆ ನೀರು ಹೊಯ್ದಂತೆ. ಯಂತ್ರವು ಹಳೆಯ ಆರ್-22 ಅನಿಲದ್ದಾದರೆ ಇನ್ನೊಂದು ತೊಡಕು. ಓಜೋನ್ ಪದರಕ್ಕೆ ಹಾನಿಮಾಡುವ ಆ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಹಂತಹಂತವಾಗಿ ಕೈಬಿಡಲಾಗುತ್ತಿದೆ. ಹೊಸ ಯಂತ್ರಗಳ ಆರ್-32 ಅನಿಲವನ್ನು ಅದಕ್ಕೆ ತುಂಬುವಂತಿಲ್ಲ. ಹತ್ತು ವರ್ಷ ದಾಟಿದ ಯಂತ್ರದ ಕಂಪ್ರೆಸರ್ ಕೆಟ್ಟಿದ್ದರಂತೂ ರಿಪೇರಿಯೆಂಬುದು ಮೂಗಿಗಿಂತ ಮೂಗುತಿ ಭಾರವಾದಂತೆಯೇ ಸರಿ.

ಇಷ್ಟು ಸರಳವಾದ ನಿರ್ಣಯವೂ ವರ್ಷಗಟ್ಟಲೆ ಮುಂದಕ್ಕೆ ಹೋಗುವುದೇಕೆ? ಯಂತ್ರವನ್ನು ಕೊಳ್ಳುವವನು ಒಬ್ಬ, ವಿದ್ಯುತ್ತಿನ ಬಿಲ್ಲನ್ನು ತೆರುವವನು ಇನ್ನೊಬ್ಬ. ಹಳೆಯ ಯಂತ್ರ ಎಷ್ಟು ಯೂನಿಟ್ ನುಂಗಿದರೂ ಮಾಲೀಕನ ಕಿಸೆಗೆ ಬಿಸಿ ತಟ್ಟುವುದಿಲ್ಲ. ಬಿಲ್ಲು ತೆರುವ ಬಾಡಿಗೆದಾರನಿಗೆ ಯಂತ್ರವನ್ನು ಆರಿಸುವ ಅಧಿಕಾರವಿಲ್ಲ. ಈ ಗಂಟು ಬಿಚ್ಚುವುದು ಇಬ್ಬರೂ ಒಂದೇ ಕಾಗದದ ಮೇಲೆ ಲೆಕ್ಕ ಬರೆದಾಗ ಮಾತ್ರ.

ಒಂದು ಉದಾಹರಣೆ. ಒಂದು ಟನ್ನಿನ ಹಳೆಯ ಯಂತ್ರ ಗಂಟೆಗೆ 1.2 ಯೂನಿಟ್, ಹೊಸದು 0.7 ಯೂನಿಟ್ ಬಳಸುತ್ತದೆಂದು ಇಟ್ಟುಕೊಂಡರೆ, ದಿನಕ್ಕೆ 10 ಗಂಟೆಯಂತೆ 120 ರಾತ್ರಿಗಳಿಗೆ 600 ಯೂನಿಟ್ ಉಳಿತಾಯ. ಯೂನಿಟ್ಟಿಗೆ 10 ರೂಪಾಯಿ ಹಿಡಿದರೂ ವರ್ಷಕ್ಕೆ 6,000 ರೂ. ಮಹಾವಿತರಣದ ದರ ಮೆಟ್ಟಿಲುಮೆಟ್ಟಿಲಾಗಿ ಏರುವುದರಿಂದ ಮೇಲಿನ ಮೆಟ್ಟಿಲಿನ ಯೂನಿಟ್ಟುಗಳೇ ಮೊದಲು ಉಳಿಯುತ್ತವೆ. ಹೊಸ ಯಂತ್ರದ ಬೆಲೆ 36,000 ರೂ., ಬಾಳಿಕೆ 10 ವರ್ಷ ಎಂದಾದರೆ ಮಾಲೀಕನಿಗೆ ವರ್ಷಕ್ಕೆ 3,600 ರೂ. ಹೊರೆ. ಬಾಡಿಗೆಯನ್ನು ತಿಂಗಳಿಗೆ 200 ರೂ. ಏರಿಸಲು ಇಬ್ಬರೂ ಒಪ್ಪಿದರೆ ಮಾಲೀಕನಿಗೆ 2,400 ರೂ. ಮರಳಿ ಬಂದು, ಹೊರೆ 1,200 ರೂಪಾಯಿಗೆ ಇಳಿಯುತ್ತದೆ. ಬಾಡಿಗೆದಾರನಿಗೂ 3,600 ರೂ. ಉಳಿಯುತ್ತದೆ. ಬೇಸತ್ತ ಬಾಡಿಗೆದಾರ ಬಿಟ್ಟುಹೋಗಿ ಮನೆ ಒಂದೇ ತಿಂಗಳು ಖಾಲಿ ಬಿದ್ದರೆ ಆಗುವ ನಷ್ಟ ಇದರ ಹಲವು ಪಟ್ಟು.

'ಈ ಖರ್ಚಿಗೆ ತೆರಿಗೆಯಲ್ಲಿ ವಿನಾಯಿತಿ ಇಲ್ಲವಲ್ಲ' ಎಂಬುದು ಮಾಲೀಕರ ಆಕ್ಷೇಪ. ಮನೆ ಬಾಡಿಗೆಯ ಆದಾಯದಲ್ಲಿ ಯಂತ್ರದ ಖರ್ಚನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲವೆಂಬುದು ನಿಜ. ಆದರೆ ನಗರಸಭೆಯ ತೆರಿಗೆ ಕಳೆದು ಉಳಿದ ಬಾಡಿಗೆಯ ಶೇಕಡಾ 30ರಷ್ಟನ್ನು, ಒಂದು ರಸೀದಿಯನ್ನೂ ಕೇಳದೆ, ಪ್ರತಿ ವರ್ಷ ಕಾನೂನೇ ಕಳೆದುಕೊಡುತ್ತದೆ. ಉಳಿದ ಮೊತ್ತ ತಿಂಗಳಿಗೆ 10,000 ರೂ. ಎಂದರೆ ವರ್ಷಕ್ಕೆ 36,000 ರೂಪಾಯಿ ಆದಾಯ ತೆರಿಗೆಗೆ ಒಳಪಡುವುದೇ ಇಲ್ಲ. ಮನೆಯನ್ನು ಸುಸ್ಥಿತಿಯಲ್ಲಿಡಲು ಖರ್ಚು ಇದೆಯೆಂದು ಮನಗಂಡೇ ಕಾನೂನು ಈ ಸವಲತ್ತು ಕೊಟ್ಟಿದೆ. ಸವಲತ್ತನ್ನು ಪಡೆದು ಖರ್ಚನ್ನು ಮಾತ್ರ ಬಾಡಿಗೆದಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಮೇಲಾಗಿ 2025ರ ಸೆಪ್ಟೆಂಬರ್ 22ರಿಂದ ಈ ಯಂತ್ರಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿದೆ.

ಮಾತಿಗಿಂತ ಬರಹ ಲೇಸು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆಯ 55ನೆಯ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಕರಾರು ಲಿಖಿತವಾಗಿದ್ದು ನೋಂದಣಿಯಾಗಲೇಬೇಕು. ನೋಂದಣಿ ಮಾಡಿಸುವುದು ಮಾಲೀಕನ ಹೊಣೆ. ತಪ್ಪಿದಲ್ಲಿ, ಬೇರೆ ಪುರಾವೆ ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರನ ಮಾತೇ ನಿಲ್ಲುತ್ತದೆ. ಆ ಕರಾರಿನಲ್ಲಿಯೇ ಯಂತ್ರದ ವಯಸ್ಸು, ವರ್ಷಕ್ಕೆರಡು ಸಲದ ಸರ್ವಿಸಿನ ಖರ್ಚು ಯಾರದು, ಕಂಪ್ರೆಸರ್ ಕೆಟ್ಟರೆ ಹೊಣೆ ಯಾರದು ಎಂಬ ಮೂರು ಸಾಲು ಸೇರಿಸಿದರೆ ಏಪ್ರಿಲ್ ತಿಂಗಳ ತಗಾದೆ ಅರ್ಧಕ್ಕರ್ಧ ತಪ್ಪುತ್ತದೆ. ಯಂತ್ರವಿಲ್ಲದ ಮನೆಯೆಂದು ತಿಳಿದೇ ಬಂದವರು ನಡುವೆ ಅದನ್ನು ಹಕ್ಕಿನಿಂದ ಕೇಳಲಾಗದು. ಜಾಳಿಗೆಯನ್ನು ತಿಂಗಳಿಗೊಮ್ಮೆಯಾದರೂ ತೊಳೆಯುವುದು, ಯಂತ್ರವನ್ನು 24 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕುವುದು ಬಾಡಿಗೆದಾರರ ಕರ್ತವ್ಯ.

ಹೊಸದನ್ನು ಕೊಳ್ಳುವಾಗ ಬೆಲೆಯೊಂದನ್ನೇ ನೋಡದೆ ಅದರ ಮೇಲೆ ಅಂಟಿಸಿರುವ ನಕ್ಷತ್ರಗಳ ಚೀಟಿಯನ್ನು ಓದಬೇಕು. 1,600 ಗಂಟೆಗಳ ಬಳಕೆಗೆ ಎಷ್ಟು ಯೂನಿಟ್ ಎಂಬುದು ಅದರಲ್ಲಿಯೇ ಇರುತ್ತದೆ. ಮಾನದಂಡವನ್ನು ಆಗಾಗ ಬಿಗಿಗೊಳಿಸಿರುವುದರಿಂದ ಅಂದಿನ ಐದು ನಕ್ಷತ್ರ ಇಂದಿನ ಐದು ನಕ್ಷತ್ರವಲ್ಲ. ಮೇಲಂತಸ್ತಿನವರು ಸೊಸಾಯಿಟಿಯ ಅನುಮತಿ ಪಡೆದು ಛಾವಣಿಗೆ ಬಿಳಿಯ ಬಣ್ಣ ಬಳಿಸಿ, ಪಡುವಣ ಕಿಟಕಿಗೆ ನೆರಳು ಕಟ್ಟಿಸಿದರೆ ಯಂತ್ರದ ದುಡಿಮೆಯೂ ತಗ್ಗುತ್ತದೆ.

ಪರಊರಿನಲ್ಲಿ ಇಂದು ಬಾಡಿಗೆಗೆ ಇರುವವರೇ ನಾಳೆ ಮಾಲೀಕರಾಗುತ್ತಾರೆ. ಇಂದಿನ ಮಾಲೀಕರಲ್ಲಿ ಬಹುತೇಕರು ಒಂದು ಕಾಲಕ್ಕೆ ಚಾಳಿನ ಒಂದೇ ಕೋಣೆಯಲ್ಲಿ ನಾಲ್ಕಾರು ಜನ ಮಲಗಿ ಬೇಸಿಗೆ ಕಳೆದವರೇ. ಆ ಸೆಕೆಯನ್ನು ತಿಂದವರು ಇನ್ನೊಬ್ಬರ ಸೆಕೆಯನ್ನು ಅರಿಯದಿರಲಾರರು. ಬಾಡಿಗೆ ಪಡೆಯುವುದು ಹಕ್ಕಾದರೆ, ಆ ಬಾಡಿಗೆಗೆ ಒಪ್ಪಿಕೊಟ್ಟ ತಂಪನ್ನು ಒದಗಿಸುವುದು ಸಾಲ. ಬೇಸಿಗೆ ಬರುವ ಮುನ್ನವೇ ಆ ಸಾಲ ತೀರಿಸುವುದು ಮಾಲೀಕರಿಗೂ ಲಾಭ, ಬಾಡಿಗೆದಾರರಿಗೂ ಕ್ಷೇಮ.