ಕ್ರೀಡಾ ನಿರ್ವಹಣೆಯ ವ್ಯಾಸಂಗ: ಒಂದು ವಿಚಾರ

ಪದವಿ ಮುಗಿಸಿದ ತರುಣನೊಬ್ಬನು ಮುಂದೆ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣವನ್ನೋ ಕ್ರೀಡಾ ನಿರ್ವಹಣೆಯನ್ನೋ ಅಭ್ಯಸಿಸುವೆನೆಂದು ಮನೆಯಲ್ಲಿ ಹೇಳಿದರೆ ಸಂತೋಷಪಡುವ ತಂದೆತಾಯಿಗಳು ವಿರಳ. "ಆಟಕ್ಕೂ ಒಂದು ಡಿಗ್ರಿ ಬೇಕೇನಪ್ಪಾ?" ಎಂಬ ಪ್ರಶ್ನೆ ಹಿರಿಯರ ಬಾಯಿಂದ ಬರುತ್ತದೆ. ಹುಡುಗಿಯೊಬ್ಬಳು ಇದೇ ಮಾತನ್ನಾಡಿದರಂತೂ ಪ್ರಶ್ನೆಯೂ ಬರುವುದಿಲ್ಲ, ಮಾತು ಅಲ್ಲಿಗೇ ಮುಗಿಯುತ್ತದೆ. ಅಂಕಗಳು ಸಾಲದೆ ಬೇರೆ ದಾರಿ ಕಾಣದವರು ಹಿಡಿಯುವ ಹಾದಿ ಇದೆಂಬ ತಿಳಿವಳಿಕೆ ಸಮಾಜದಲ್ಲಿ ಬಲವಾಗಿ ಬೇರೂರಿದೆ. ಶಿಕ್ಷಕ ವರ್ಗವೂ ಇದರಿಂದ ಪೂರ್ಣ ಮುಕ್ತವಾಗಿದೆಯೆಂದು ಹೇಳುವ ಧೈರ್ಯ ಯಾರಿಗೂ ಆಗಲಾರದು.

ಹಾಗೆ ನೋಡಿದರೆ ದೇಹಸಾಧನೆಯ ಪರಂಪರೆ ಈ ನಾಡಿಗೆ ಹೊಸತೇನಲ್ಲ. ಊರೂರಿನ ಗರಡಿ ಮನೆಗಳಲ್ಲಿ ಕೆಮ್ಮಣ್ಣಿನ ಮೇಲೆ ಹುಡುಗರು ಸಾಮು ಮಾಡುತ್ತಿದ್ದರು. ಯಾವ ಹುಡುಗನಿಗೆ ಎಷ್ಟು ಬಸ್ಕಿ, ಎಷ್ಟು ಹಾಲು, ಎಷ್ಟು ವಿಶ್ರಾಂತಿ ಎಂಬುದನ್ನು ವಸ್ತಾದರು ಕಣ್ಣೋಟದಿಂದಲೇ ಬಲ್ಲವರಾಗಿದ್ದರು. ಆದರೆ ಆ ಜ್ಞಾನವನ್ನು ಬರೆದಿಡುವ, ಅಳೆದು ನೋಡುವ, ಮುಂದಿನವರು ತಿದ್ದುವ ಪದ್ಧತಿ ಬೆಳೆಯಲಿಲ್ಲ; ಬಹುಪಾಲು ಅವರೊಡನೆಯೇ ಹೋಯಿತು. 1920ರಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು ಆಂಟ್ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಟದಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಅದೇ ವರ್ಷ ಮದರಾಸಿನಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದ ಶಿಕ್ಷಕರು ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಮಹಾವಿದ್ಯಾಲಯವನ್ನು ಆರಂಭಿಸಿದರು. ಓಡುವ ಕಾಲುಗಳು ನಾಡಿನಲ್ಲಿ ಮೊದಲೇ ಇದ್ದವು. ಓಟವನ್ನು ಶಾಸ್ತ್ರವಾಗಿ ಕಲಿಸುವ ವಿದ್ಯಾಪೀಠ ಆಗ ತಾನೇ ಕಣ್ಣು ತೆರೆಯಿತು. ಸ್ವಾತಂತ್ರ್ಯಾನಂತರ, 1857ರ ಸಂಗ್ರಾಮಕ್ಕೆ ನೂರು ವರ್ಷ ತುಂಬಿದ 1957ರಲ್ಲಿ ಗ್ವಾಲಿಯರಿನ ಲಕ್ಷ್ಮೀಬಾಯಿ ಕಾಲೇಜು, 1961ರಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ತಲೆಯೆತ್ತಿದವು. ಈಗ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿಯೂ ದೈಹಿಕ ಶಿಕ್ಷಣದ ವಿಭಾಗವಿದೆ. 2014ರ ನಿಯಮಾವಳಿಯು ಒಂದು ವರ್ಷದ ಬಿ.ಪಿ.ಇಡಿ. ವ್ಯಾಸಂಗವನ್ನು ಎರಡು ವರ್ಷಕ್ಕೆ ಏರಿಸಿತು. ಒಂದು ವರ್ಷದಲ್ಲಿ ಕಲಿತು ಮುಗಿಯುವ ವಿದ್ಯೆ ಇದಲ್ಲವೆಂದು ಸರಕಾರಕ್ಕೆ ತಿಳಿಯಿತು, ಮನೆಯವರಿಗೆ ತಿಳಿಯಬೇಕಾಗಿದೆ.

ಈ ವ್ಯಾಸಂಗದಲ್ಲಿ ಕಲಿಯುವುದೇನು? ಶರೀರ ರಚನೆ, ಶರೀರ ಕ್ರಿಯೆ, ಚಲನಶಾಸ್ತ್ರ, ಗಾಯಗಳ ಉಪಚಾರ, ಆಹಾರ, ಮನಶ್ಶಾಸ್ತ್ರ, ಮಾಪನ ಎಂದು ವಿಷಯಗಳ ಪಟ್ಟಿ ದೊಡ್ಡದು. ಪಟ್ಟಿಗಿಂತ ಒಂದು ಉದಾಹರಣೆ ಹೆಚ್ಚು ಹೇಳೀತು. ವಾರ್ಷಿಕ ಕ್ರೀಡಾಕೂಟದ ಹಿಂದಿನ ಸಂಜೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವುದನ್ನು ಮಾಜಿ ವಿದ್ಯಾರ್ಥಿಗಳೆಲ್ಲ ಕಂಡವರೇ. ಪ್ರತಿಯೊಬ್ಬರೂ ತಮ್ಮ ತಮ್ಮ ಪಥದಲ್ಲಿಯೇ ಒಂದು ಪೂರ್ಣ ಸುತ್ತು ಓಡಬೇಕಾದಾಗ ಹೊರಪಥದವನು ಒಳಪಥದವನಿಗಿಂತ ಮುಂದೆ ನಿಲ್ಲಬೇಕೆಂಬುದೂ ಎಲ್ಲರಿಗೆ ಗೊತ್ತು. ಎಷ್ಟು ಮುಂದೆ? ಕಣ್ಣಳತೆಯಲ್ಲಿ ಐದಾರು ಹೆಜ್ಜೆ ಬಿಟ್ಟು ಸೀಟಿ ಊದುವುದು ಎಷ್ಟೋ ಕಡೆ ರೂಢಿ. ಪಥದ ಅಗಲ 1.22 ಮೀಟರ್ ಇದ್ದು, ಒಳ ಅಂಚಿಗೆ ಎತ್ತರದ ಕಟ್ಟು ಇಲ್ಲದೆ ಬರಿಯ ಗೆರೆಯಿದ್ದರೆ, ಈ ಅಂತರ ಪಥವೊಂದಕ್ಕೆ 7.67 ಮೀಟರ್ ಆಗುತ್ತದೆ. ಎಂಟನೆಯ ಪಥದವನು ಮೊದಲನೆಯವನಿಗಿಂತ ಸುಮಾರು 53.7 ಮೀಟರ್ ಮುಂದೆ ನಿಲ್ಲಬೇಕು. ಮೈದಾನ 400 ಮೀಟರಿನದಿರಲಿ, ಶಾಲೆಯ 200 ಮೀಟರಿನದಿರಲಿ, ಅಂತರ ಬದಲಾಗದು. ಅದು ಅವಲಂಬಿಸುವುದು ಪಥದ ಅಗಲವನ್ನೇ ಹೊರತು ಸುತ್ತಿನ ಉದ್ದವನ್ನಲ್ಲ. ಗಣಿತದ ಮಾಸ್ತರರು ಕರಿಹಲಗೆಯ ಮೇಲೆ ಕಲಿಸುವ ವೃತ್ತದ ಪರಿಧಿಯ ಲೆಕ್ಕವೇ ಇದು. ಕಣ್ಣಳತೆ ಎರಡು ಮೀಟರ್ ತಪ್ಪಿದರೆ ಕೂಲಿಕಾರರ ಮನೆಯ ಹುಡುಗಿಯೊಬ್ಬಳಿಗೆ ತಾಲೂಕು ಕೂಟಕ್ಕೆ ಹೋಗುವ ಅವಕಾಶ ತಪ್ಪಬಹುದು. ತಾನು ಏಕೆ ಸೋತೆನೆಂಬುದು ಅವಳಿಗೆ ಎಂದೂ ತಿಳಿಯುವುದಿಲ್ಲ.

ಇನ್ನು ದೇಹದ ಕ್ಷಮತೆಯ ವಿಚಾರ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ಅಕಾಲ ಮರಣಕ್ಕೀಡಾದಾಗ ನಾಡೆಲ್ಲ ಕಣ್ಣೀರಿಟ್ಟಿತು. ಆ ದುಃಖದ ಜೊತೆಗೆ ವ್ಯಾಯಾಮವೇ ಅಪಾಯಕಾರಿಯೆಂಬ ಭೀತಿಯೂ ಹರಡಿತು. ಅದಕ್ಕೆ ಸಮಾಧಾನ ಹೇಳಬಲ್ಲ ತಿಳಿದವರು ಎಷ್ಟು ಊರುಗಳಲ್ಲಿದ್ದರು? ವ್ಯಾಯಾಮ ಆರಂಭಿಸುವ ಮುನ್ನ ವಯಸ್ಸು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮನೆತನದಲ್ಲಿ ಹೃದ್ರೋಗವಿದೆಯೇ ಎಂಬುದನ್ನು ವಿಚಾರಿಸುವುದು, ಶ್ರಮವನ್ನು ಹಂತ ಹಂತವಾಗಿ ಏರಿಸುವುದು, ಎದೆನೋವು ತಲೆಸುತ್ತು ಕಂಡೊಡನೆ ನಿಲ್ಲಿಸಿ ವೈದ್ಯರಲ್ಲಿಗೆ ಕಳಿಸುವುದು, ಇವು ಈ ವ್ಯಾಸಂಗದ ಮೊದಲ ಪಾಠಗಳು. ಇಂದು ತಾಲೂಕಿಗೆ ನಾಲ್ಕಾರು ಜಿಮ್ಮುಗಳು ತೆರೆದಿವೆ. ಅಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಈ ಪಾಠ ಕಲಿತವರಿಗೆ ಕೊರತೆಯುಂಟು.

ನಿರ್ವಹಣೆ ಎಂಬ ಮಾತು ಸೇರಿಕೊಂಡದ್ದು ಅಮೆರಿಕದಲ್ಲಿ. ಬೇಸ್‌ಬಾಲ್ ತಂಡವೊಂದರ ಒಡೆಯರಾಗಿದ್ದ ವಾಲ್ಟರ್ ಒ'ಮ್ಯಾಲಿ ಅವರು 1957ರಲ್ಲಿ ಪ್ರಾಧ್ಯಾಪಕ ಜೇಮ್ಸ್ ಮೇಸನ್ ಅವರಿಗೆ ನೀಡಿದ ಸೂಚನೆಯೇ ಮೂಲವಾಗಿ, 1966ರಲ್ಲಿ ಒಹಾಯೋ ವಿಶ್ವವಿದ್ಯಾಲಯವು ಕ್ರೀಡಾ ಆಡಳಿತದ ಸ್ನಾತಕೋತ್ತರ ವ್ಯಾಸಂಗವನ್ನು ಆರಂಭಿಸಿತು. ಟಿಕೆಟ್ಟು, ಜಾಹೀರಾತು, ಕ್ರೀಡಾಂಗಣದ ಬಾಡಿಗೆ ಇವೆಲ್ಲ ಅಲ್ಲಿಯ ಪಾಠವಾದವು. ಭಾರತದಲ್ಲಿ 2008ರಲ್ಲಿ ಐ.ಪಿ.ಎಲ್., 2014ರಲ್ಲಿ ಪ್ರೊ ಕಬಡ್ಡಿ ಆರಂಭವಾದ ಮೇಲೆ ಆ ಹೆಸರಿನ ಆಕರ್ಷಣೆ ಇಲ್ಲಿಯೂ ಹೆಚ್ಚಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೈದಾನವೇ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿ, ಲಕ್ಷಗಟ್ಟಲೆ ಶುಲ್ಕ ಪಡೆದು, ಕ್ರೀಡಾ ನಿರ್ವಹಣೆಯ ಪ್ರಮಾಣಪತ್ರ ಕೊಡುವವರೂ ಇರಬಲ್ಲರು. ಹೊಲ ಅಡವಿಟ್ಟು ಮಗನನ್ನು ಕಳಿಸುವ ತಂದೆ, ಪದವಿ ನೀಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಮಾನ್ಯತೆಯಿದೆಯೇ, ಪ್ರಯೋಗಶಾಲೆ ಮತ್ತು ಮೈದಾನ ಎಲ್ಲಿವೆ ಎಂದು ಕೇಳಬೇಕು. ಕೇಳಲು ಸಂಕೋಚವಾದರೆ ಶಾಲೆಯ ಗುರುಗಳು ಅವರ ಪರವಾಗಿ ಕೇಳಬೇಕು.

ಆದರೆ ನಿರ್ವಹಣೆಯ ಅವಶ್ಯಕತೆ ದೊಡ್ಡ ಕ್ರೀಡಾಂಗಣಗಳಿಗಿಂತ ಶಾಲೆಯ ಮೈದಾನಕ್ಕೇ ಹೆಚ್ಚು ಎಂಬ ಸಂಗತಿ ಆಡಳಿತ ಮಂಡಳಿಗಳ ಗಮನಕ್ಕೆ ಬಂದಂತಿಲ್ಲ. ಪಿ.ಟಿ. ಮಾಸ್ತರರೆಂದರೆ ಪ್ರಾರ್ಥನೆಗೆ ಸಾಲು ನಿಲ್ಲಿಸುವವರು, ತಡವಾಗಿ ಬಂದವರನ್ನು ಗದರಿಸುವವರು, ಸಮಾರಂಭಗಳಲ್ಲಿ ಕುರ್ಚಿ ಹಾಕಿಸುವವರು. ಅವರ ಪಿರಿಯಡ್ಡು ಪರೀಕ್ಷೆ ಸಮೀಪಿಸಿದೊಡನೆ ಗಣಿತಕ್ಕೆ ಹೋಗುತ್ತದೆ. ಆಗ ಮೈದಾನ ನಿರ್ಜನವಾಗುತ್ತದೆ. ನಿರ್ಜನವಾದ ಮೈದಾನ ನಾಲ್ಕು ವರ್ಷಗಳಲ್ಲಿ ಕಡತಗಳಲ್ಲಿ ಖಾಲಿ ಜಾಗವೆನಿಸುತ್ತದೆ. ಖಾಲಿ ಜಾಗದ ಮೇಲೆ ಕಟ್ಟಡ ಏಳುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ಮಕ್ಕಳ ಸಂಖ್ಯೆ ಬೆಳೆದಂತೆ ಕೊಠಡಿಗಳು ಬೇಕು, ದಾನಿಗಳು ಉದಾರ ಮನಸ್ಸಿನಿಂದ ಕೊಡುತ್ತಾರೆ, ಅವರ ಹಿರಿಯರ ಹೆಸರು ಗೋಡೆಯ ಕಲ್ಲಿನಲ್ಲಿ ಉಳಿಯುತ್ತದೆ. ಮೈದಾನಕ್ಕೆ ಎಳೆಯುವ ರೋಲರಿನ ಮೇಲೆ ಹೆಸರು ಕೆತ್ತಿಸುವವರನ್ನು ಯಾರೂ ಕಂಡಿಲ್ಲ.

ವಿಶ್ವವಿದ್ಯಾಲಯದಲ್ಲಿ ಈ ವಿದ್ಯೆ ಕಲಿತು ಬಂದವನ ಕಾರ್ಯ ಇಲ್ಲಿಯೇ ಇದೆ. ಮೈದಾನಕ್ಕೂ ಒಂದು ವೇಳಾಪಟ್ಟಿ ಬೇಕು. ಬೆಳಗಿನ ಜಾವ ಪ್ರಸಾದ ನಿಲಯದ ಮಕ್ಕಳು, ಶಾಲೆಯ ಹೊತ್ತಿನಲ್ಲಿ ಪ್ರತಿ ತರಗತಿಗೂ ತಪ್ಪದ ಪಿರಿಯಡ್ಡು, ಸಂಜೆ ಖೋ ಖೋ ಕಬಡ್ಡಿ ತಂಡಗಳು, ಅನಂತರ ನಡಿಗೆಗೆ ಬರುವ ಊರ ಹಿರಿಯರು. ವರ್ಷಕ್ಕೆರಡು ಸಲ ಪ್ರತಿ ಮಗುವಿನ ಎತ್ತರ, ತೂಕ, ಓಟದ ವೇಳೆ ಬರೆದಿಡುವ ಪುಸ್ತಕ. ಚೆಂಡು, ಬಲೆ, ಸುಣ್ಣ, ನೀರು, ಔಷಧ ಪೆಟ್ಟಿಗೆ ಇವುಗಳ ಲೆಕ್ಕ. ಇಷ್ಟಾದರೆ ಮುಂಜಾನೆಯಿಂದ ರಾತ್ರಿಯವರೆಗೆ ಜನರಿರುವ ಆ ಜಾಗವನ್ನು ಖಾಲಿಯೆಂದು ಯಾವ ಎಂಜಿನಿಯರನೂ ನಕಾಶೆಯಲ್ಲಿ ತೋರಿಸಲಾರ. ಹಾಗೆಂದು ಕೊಠಡಿ ಬೇಡವೆನ್ನುವಂತಿಲ್ಲ. ಹಳೆಯ ಕಟ್ಟಡದ ಮೇಲೆ ಮಹಡಿ ಏರಿಸಬಹುದು, ಮೈದಾನದ ಮೇಲೆ ಮೈದಾನ ಕಟ್ಟಲಾಗುವುದಿಲ್ಲ.

ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ದತ್ತಿಗಳ ಪಟ್ಟಿ ಅಚ್ಚಾಗುವುದು ವಾಡಿಕೆ. ವಿಜ್ಞಾನಕ್ಕೆ, ಕನ್ನಡಕ್ಕೆ, ಗಣಿತಕ್ಕೆ ಹೆಚ್ಚು ಅಂಕ ಪಡೆದವರಿಗೆ ಬಹುಮಾನಗಳಿರುತ್ತವೆ. ಶಾಲೆಯಲ್ಲಿ ಓದಿ, ಆಡಿ, ಪದವಿ ಮುಗಿಸಿದ ಒಬ್ಬ ಹುಡುಗನಿಗೋ ಹುಡುಗಿಗೋ ಬಿ.ಪಿ.ಇಡಿ. ವ್ಯಾಸಂಗದ ಎರಡು ವರ್ಷಗಳ ಶುಲ್ಕ ಮತ್ತು ಊಟದ ಖರ್ಚು ಕೊಡುವ ದತ್ತಿಯೊಂದು ಆ ಪಟ್ಟಿಗೆ ಸೇರಬೇಕು. ಮೊತ್ತ ಒಂದು ಕೊಠಡಿಯ ಖರ್ಚನ್ನು ಮುಟ್ಟಲಾರದು. ಹಾಗೆ ಓದಿ ಬಂದವರು ಶಾಲೆಗೇ ಮರಳಬೇಕೆಂಬ ಕರಾರು ಹಾಕುವುದು ಬೇಡ. ರಜೆಯಲ್ಲಿ ಬಂದಾಗ ಕ್ರೀಡಾಕೂಟದ ಗೆರೆಗಳನ್ನು ಅಳತೆ ಪಟ್ಟಿ ಹಿಡಿದು ಅವರೇ ಎಳೆದುಕೊಡಲೆಂದು ಕೇಳಿದರೆ ಸಾಕು.