ಬಿಸಿಲು ಬೇಡಿದ ಜಾದೂ
ಆಷಾಢದ ಜಡಿಮಳೆ ಹಿಡಿದು ನಮ್ಮೂರು ಕಮ್ಮರಡಿಯಲ್ಲಿ ದಿನಗಟ್ಟಲೆ ಬಿಸಿಲು ಕಾಣದಾಗ ನನಗೆ ಜಾದೂ ನೆನಪಾಗುತ್ತಾನೆ. 2003ರ ‘ಕೋಯಿ ಮಿಲ್ ಗಯಾ’ ಹಿಂದಿ ಚಿತ್ರದಲ್ಲಿ ಬೇರೆ ಲೋಕದಿಂದ ಬಂದು ಕೆಲಕಾಲ ಇಲ್ಲೇ ಉಳಿದ ಆ ನೀಲಿ ಮೈಯವನು ‘ಧೂಪ್’ ಎಂದು ಬಿಸಿಲಿಗೆ ಹಂಬಲಿಸುತ್ತಾನೆ. ಮೋಡ ಕವಿದರೆ ಅವನ ಶಕ್ತಿಯೇ ಉಡುಗಿಹೋಗುತ್ತದೆ. ಬಚ್ಚಲೊಲೆಯ ಪಕ್ಕ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಗಿಸುವ ನಮಗೆ ಆ ಹಂಬಲವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ತೆರೆಯ ಮೇಲಿನ ಬೇರೆ ಅನ್ಯಲೋಕದವರಲ್ಲಿ ಹಾಲಿವುಡ್ಡಿನ ‘ಏಲಿಯನ್’ ಹೆದರಿಸಿತು, ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಚೂಪುಕಿವಿಯ ಸ್ಪಾಕ್ ಯೋಚನೆಗೆ ಹಚ್ಚಿದ. ಮನೆಯವನಂತೆ ಅನಿಸಿದ್ದು ಜಾದೂ ಒಬ್ಬನೇ. ಆ ವೇಷದೊಳಗೆ ಇದ್ದವರು ಇಂದ್ರವದನ್ ಪುರೋಹಿತ್ ಎಂಬ ಕುಳ್ಳಗಿನ ನಟ. 1982ರ ಹಾಲಿವುಡ್ ಚಿತ್ರ ‘ಇ.ಟಿ.’ಯ ಕೆಲವು ದೃಶ್ಯಗಳಲ್ಲಂತೂ ಕಾಲಿಲ್ಲದೆ ಹುಟ್ಟಿದ ಹುಡುಗನೊಬ್ಬ ಅನ್ಯಲೋಕದವನ ವೇಷ ತೊಟ್ಟು ಕೈಮೇಲೆ ನಡೆದಿದ್ದ. ನಮ್ಮ ಯಕ್ಷಗಾನದ ಬಣ್ಣದ ವೇಷವನ್ನೇ ನೋಡಿ: ಹಿಟ್ಟಿನ ಚುಟ್ಟಿ ಇಟ್ಟು ಮುಖ ಮರೆಯಾದ ಮೇಲೆ ಕಲಾವಿದನಿಗೆ ಉಳಿಯುವುದು ಕಣ್ಣು, ಹೆಜ್ಜೆ, ಅಬ್ಬರದ ಕೂಗು. ಇಂದ್ರವದನ್ ಅವರಿಗೆ ಅಷ್ಟೂ ಇರಲಿಲ್ಲ. ಆದರೂ ಜಾದೂ ತನ್ನ ಲೋಕಕ್ಕೆ ಹೊರಟು ನಿಂತಾಗ ಮಕ್ಕಳು ಅತ್ತರು. ಜಾದೂವನ್ನು ಬಲ್ಲ ಮಕ್ಕಳು ಸಿಕ್ಕಾಗಲೆಲ್ಲ ನಾನು ಇಂದ್ರವದನ್ ಅವರ ಹೆಸರನ್ನೂ ಹೇಳಿಕೊಡುತ್ತೇನೆ.